ಅಧ್ಯಕ್ಷರು ಸಾಯಲು ಒಪ್ಪುತ್ತಿಲ್ಲ

ಶನಿವಾರ ಮಧ್ಯಾಹ್ನದ ಊಟಕ್ಕೆ ಮೊದಲು ಅಧ್ಯಕ್ಷರನ್ನು ಕೊಂದು ಮುಗಿಸಬೇಕು ಎಂದು ಸೊಸೆ ಅಂದುಕೊಂಡಿದ್ದಳು. ಊಟವಾಯಿತು, ಪಾತ್ರೆ ತೊಳೆದಿದ್ದಾಯಿತು, ಒಣಗಿದ ಬಟ್ಟೆ ಮಡಚಿಟ್ಟಿದ್ದೂ ಆಯಿತು. ಅಧ್ಯಕ್ಷರು ಮಾತ್ರ ಸಾಯಲಿಲ್ಲ.

ಅಧ್ಯಕ್ಷರೆಂದರೆ ಅವಳ ಮಾವ. ಕೊಲೆ ನಡೆಯಬೇಕಾಗಿದ್ದದ್ದು ಕಂಪ್ಯೂಟರಿನೊಳಗೆ, ಒಂದು ಹಳೆಯ ಕೋಟೆ ಕಾಳಗದ ಆಟದಲ್ಲಿ. ಲೋಕದ ಮೂಲೆಮೂಲೆಯ ಜನ ಇಂಟರ್ನೆಟ್ಟಿನಲ್ಲಿ ಒಟ್ಟು ಸೇರಿ, ಉಕ್ಕಿನ ಕವಚ ತೊಟ್ಟು, ಒಬ್ಬರನ್ನೊಬ್ಬರು ಕೊಚ್ಚಿಹಾಕಲಿ ಎಂಬ ಸದುದ್ದೇಶದಿಂದ ಮಾಡಿದ ಆಟ ಅದು. ಈ ಮನೆಯವರು ಅದರೊಳಗೆ ಹೋಗಿ ಮೀಟಿಂಗ್ ಮಾಡುತ್ತಿದ್ದರು.

ಮೀಟಿಂಗಿನ ಹೆಸರು ‘ಕೋಟೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ’. ಸೋಮವಾರಕ್ಕೊಂದು ಸಭೆ; ಒಂದೊಂದು ಸಭೆಯೂ ಒಂದೊಂದು ಕಂತು. ತಲೆಯಿಂದ ಕಾಲಿನವರೆಗೆ ಕಬ್ಬಿಣ ಹೊತ್ತ ವೀರರು ಕಲ್ಲಿನ ಸಭಾಂಗಣದಲ್ಲಿ ನಿಂತು, ತೂಗುಸೇತುವೆಯ ಸರಪಳಿಗೆ ಒದ್ದೆ ಬಟ್ಟೆ ಒಣಹಾಕಿದವರು ಯಾರು, ಒಬ್ಬರ ಕುದುರೆಯನ್ನು ಇನ್ನೊಬ್ಬರ ಜಾಗದಲ್ಲಿ ಕಟ್ಟುವುದು ಸರಿಯೇ, ಕಂದಕದ ಮೊಸಳೆಗಳು ಯಾಕೆ ಇತ್ತೀಚೆಗೆ ಬಡಕಲಾಗಿವೆ ಎಂದು ಚರ್ಚಿಸುತ್ತಿದ್ದರು. ಸೊಸೆ ಅದನ್ನು ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸಿ, ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಜನ ನೋಡುತ್ತಿದ್ದರು. ಯಾಕೆ ನೋಡುತ್ತಾರೆಂದು ಅವಳು ಕೇಳಲು ಹೋಗಿರಲಿಲ್ಲ. ಕೇಳಿದರೆ ಬಿಟ್ಟುಬಿಟ್ಟಾರು ಎಂಬ ಭಯ.

ಹೊರಗಡೆ ಅವಳ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಅದರ ಮೇಲೆ ಮೇಣ ಕೂರಿಸಿ, ಪರರ ದವಡೆಗಳನ್ನು ಅರದಿಂದ ಉಜ್ಜಿ ಉಜ್ಜಿ ದಿನ ಕಳೆಯುವುದು. ಊರಿನ ಅರ್ಧ ನಗು ಅವಳ ಕೈಯಿಂದಲೇ ಹೋದದ್ದು. ನಕ್ಕವರಾರಿಗೂ ಅವಳು ಗೊತ್ತಿಲ್ಲ. ಅವಳು ಮಾಡಿದ್ದರಲ್ಲಿ ಅವಳ ಹೆಸರು ಹೊತ್ತದ್ದು ಈ ಸಂಘವೊಂದೇ.

ಮಾವನ ಮೇಲಿನ ಸಾಲಿನ ಹಲ್ಲೂ ಅವಳದ್ದೇ ಕೃತಿ. ಅದರಲ್ಲೊಂದು ಸಣ್ಣ ದೋಷ ಉಳಿದಿತ್ತು. ‘ಸ’ ಬಂದಾಗಲೆಲ್ಲ ಎಲ್ಲೋ ಸಂದಿಯಲ್ಲಿ ಗಾಳಿ ನುಗ್ಗಿ ಸಿಳ್ಳೆ ಹೊಡೆಯುತ್ತಿತ್ತು. ‘ಸಂಘದ ಸಮಸ್ತ ಸದಸ್ಯರಿಗೆ’ ಎಂದು ಅಧ್ಯಕ್ಷರು ಸಭೆ ಆರಂಭಿಸಿದರೆ ರೈಲು ಹೊರಟ ಹಾಗಿರುತ್ತಿತ್ತು. ಸರಿಮಾಡಿಕೊಡುತ್ತೇನೆಂದು ಸೊಸೆ ಹೊರಟಾಗ ವೀಕ್ಷಕರು ಬಿಡಲಿಲ್ಲ. ಹಾಗಾಗಿ ಮಾವ ಕಲೆಗೋಸ್ಕರ ಸಿಳ್ಳೆ ಉಳಿಸಿಕೊಂಡರು.

ಅವರು ನಿವೃತ್ತ ಲಿಫ್ಟ್ ಇನ್‌ಸ್ಪೆಕ್ಟರ್. ಲಿಫ್ಟಿನಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲರೂ ಬಾಗಿಲ ಮೇಲಿನ ಅಂಕಿ ನೋಡುತ್ತಾರೆ. ಇಡೀ ಉದ್ಯೋಗಜೀವನದಲ್ಲಿ ಮೇಲೂ ಕೆಳಗೂ ಓಡಾಡಿದ ಮಾತುಗಳೆಲ್ಲ ಒಳಗೇ ಸಿಕ್ಕಿಹಾಕಿಕೊಂಡು, ನಿವೃತ್ತಿಯಾದ ಮಾರನೆಯ ದಿನ ಬಾಗಿಲು ತೆರೆದುಕೊಂಡವು. ಅತ್ತೆ ಮದುವೆಯಾದಾಗಿನಿಂದ ಅವರ ಮಾತಿಗೆ ‘ಹೂಂ’ ಎನ್ನುತ್ತ ಬಂದವರು. ಅದು ಒಪ್ಪಿಗೆಯಲ್ಲ, ನಿರಾಕರಣೆಯಲ್ಲ, ಕುಕ್ಕರ್ ಸಿಳ್ಳೆಯ ಹಾಗೆ ಅದರ ಪಾಡಿಗೆ ಬರುವಂಥದ್ದು. ಸೊಸೆ ಆ ‘ಹೂಂ’ ಅನ್ನು ಒಂದೇ ಸಲ ರೆಕಾರ್ಡ್ ಮಾಡಿಕೊಂಡು, ಕೋಟೆಯ ಮೇಲ್ಮಹಡಿಯಲ್ಲಿ ವಾಸವಾಗಿರುವ ಡ್ರ್ಯಾಗನ್ನಿನ ದನಿಯಾಗಿ ಎಲ್ಲ ಕಂತುಗಳಿಗೂ ಬಳಸಿದ್ದಳು. ಹೊಗೆಯ ಬಗ್ಗೆ ದೂರು ಬಂದಾಗ ಡ್ರ್ಯಾಗನ್ ‘ಹೂಂ’ ಎನ್ನುತ್ತಿತ್ತು. ಸಭೆ ಅದನ್ನು ಸಮಾಧಾನಕರ ಉತ್ತರವೆಂದು ಸ್ವೀಕರಿಸುತ್ತಿತ್ತು.

ಖಜಾಂಚಿ, ಅವಳ ಗಂಡ. ವಾಷಿಂಗ್ ಮೆಶಿನ್ ರಿಪೇರಿ ಮಾಡುವವನು, ಮಾತು ಕಮ್ಮಿ. ಮಾತೆಲ್ಲ ಅಪ್ಪನ ಪಾಲಿಗೆ ಹೋಗಿ ಮಗನಿಗೆ ತಳದ್ದಷ್ಟೇ ಸಿಕ್ಕಿತ್ತು. ಸಭಾ ಕಾರ್ಯದರ್ಶಿ ಸೊಸೆ. ಕಾರ್ಯದರ್ಶಿಯ ಮುಖವನ್ನು ಯಾರೂ ಕಂಡಿಲ್ಲ, ಯಾಕೆಂದರೆ ಕಾರ್ಯದರ್ಶಿಯ ಕಣ್ಣೇ ಕ್ಯಾಮೆರಾ. ಮೂರು ಕೋಣೆ, ಮೂರು ಕಂಪ್ಯೂಟರ್. ಗೋಡೆ ತೆಳು. ಮಾವನ ಮಾತು ಒಮ್ಮೆ ಗೋಡೆಯಿಂದ, ಒಮ್ಮೆ ಹೆಡ್‌ಫೋನಿನಿಂದ ಎರಡೆರಡು ಸಲ ಕೇಳಿಸುತ್ತಿದ್ದುದರಿಂದ, ಮನೆಯ ಕಂಬಳಿಗಳೆಲ್ಲ ಗೋಡೆಗೆ ಹೋಗಿದ್ದವು. ಚಳಿಗಾಲದಲ್ಲಿ ಗೋಡೆಗಳು ಬೆಚ್ಚಗಿದ್ದವು.

ಇನ್ನು ಆ ಕೊಡಲಿಯ ವಿಷಯ. ಆಟದಲ್ಲಿ ಕೈಮುಗಿಯಲು ಬರುವುದಿಲ್ಲ, ತಲೆಯಾಡಿಸಲು ಬರುವುದಿಲ್ಲ, ಕೂರಲೂ ಬರುವುದಿಲ್ಲ. ಬರುವುದು ಕೊಚ್ಚುವುದು, ನೆಗೆಯುವುದು, ಕುಕ್ಕರಿಸುವುದು. ಆದ್ದರಿಂದ ಕುಕ್ಕರಿಸಿ ಎದ್ದರೆ ನಮಸ್ಕಾರ ಎಂದು ಇವರೇ ಗೊತ್ತುಮಾಡಿಕೊಂಡರು. ಮೊದಲ ಕಂತಿನಲ್ಲೇ ಮಾವ ‘ಖಜಾಂಚಿಯವರಿಗೆ ನಮಸ್ಕಾರ, ಲೆಕ್ಕ ಕೊಡಲಿ’ ಎಂದು ಹೇಳಿ, ಕುಕ್ಕರಿಸುವ ಬಟನ್ನಿನ ಪಕ್ಕದ ಬಟನ್ ಒತ್ತಿದರು. ಖಜಾಂಚಿಗೆ ಸಿಕ್ಕಿದ್ದು ಕೊಡಲಿ.

ಈ ಆಟದಲ್ಲಿ ಸತ್ತವರು ಕೋಟೆಯಾಚೆಯ ಕೊಳದ ಹತ್ತಿರ ಮತ್ತೆ ಹುಟ್ಟುತ್ತಾರೆ. ಅಲ್ಲಿಂದ ಸಭಾಂಗಣಕ್ಕೆ ನಡೆದು ಬರಲು ಒಂದು ಟೀ ಕುಡಿಯುವಷ್ಟು ಹೊತ್ತು ಬೇಕು. ಗಂಡ ನಡೆದು ಬಂದು, ತನ್ನ ಹೆಣ ಇದ್ದ ಜಾಗದಲ್ಲೇ ನಿಂತು, ‘ಲೆಕ್ಕ ಸರಿಯಿದೆ’ ಎಂದ. ಅಷ್ಟೊತ್ತಿಗೆ ಸಭೆ ಮುಗಿದಿತ್ತು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾವನಿಗೆ ಆ ಬಟನ್ ಮುಂದೆಯೂ ಸಿಗಲಿಲ್ಲ. ಸಭೆ ಶುರುವಾಗುವುದು ಖಜಾಂಚಿಯ ಸಾವಿನಿಂದ, ಮುಗಿಯುವುದು ಅವನ ಆಗಮನದಿಂದ ಎಂಬುದು ಪದ್ಧತಿಯೇ ಆಗಿಹೋಯಿತು.

‘ನಿಮಗೆ ಬೇಜಾರಿಲ್ವಾ?’ ಎಂದು ಸೊಸೆ ಒಮ್ಮೆ ಕೇಳಿದ್ದಳು.

‘ನಡೆಯೋದು ಒಳ್ಳೇದು’ ಎಂದಿದ್ದ ಗಂಡ.

ಈಗ ಆಟದ ಕಂಪನಿಯವರು ಭಾನುವಾರ ಸಂಜೆ ಐದಕ್ಕೆ ಸರ್ವರ್ ಮುಚ್ಚುತ್ತೇವೆಂದು ತಿಳಿಸಿದ್ದರು. ಮುಚ್ಚಿದ ಮೇಲೆ ಕೋಟೆಯಿಲ್ಲ, ಕೊಳವಿಲ್ಲ, ಮೊಸಳೆಗಳ ಆಹಾರದ ಪ್ರಶ್ನೆಯೂ ಇಲ್ಲ. ಅಷ್ಟರೊಳಗೆ ಕೊನೆಯ ಕಂತು ಆಗದಿದ್ದರೆ ಸಂಘಕ್ಕೆ ಮುಕ್ತಾಯವೇ ಇರುವುದಿಲ್ಲ. ಸೋಪು ಹಚ್ಚಿಕೊಂಡಾಗ ನಲ್ಲಿ ನಿಂತ ಹಾಗೆ ನಿಂತುಹೋಗುತ್ತದೆ. ಬೇರೆಯವರ ಬಾಯಿಗೆ ಹೋಗುವ ಹಲ್ಲನ್ನು ಕೂಡ ಅವಳು ಪಾಲಿಶ್ ಮಾಡದೆ ಕಳಿಸಿದವಳಲ್ಲ. ಆದ್ದರಿಂದ ಅವಳು ಬರೆದಳು: ಅಧ್ಯಕ್ಷರು ಬುರುಜಿನ ಮೇಲೆ ನಿಂತು ಕೊನೆಯ ಭಾಷಣ ಮಾಡುತ್ತ, ಮಾತಿನ ಭರದಲ್ಲಿ ಒಂದು ಹೆಜ್ಜೆ ಜಾಸ್ತಿ ಮುಂದಿಟ್ಟು, ಬೀಳುತ್ತಾರೆ. ಅಂಗಳದಲ್ಲಿ ಅವರ ದೇಹ. ಮೌನ. ಮುಕ್ತಾಯ.

ಶನಿವಾರ ಮಾವ ಭಾಷಣ ಮಾಡಿದರು. ಬಿದ್ದರು. ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಆಟದ ನಿಯಮವೇನೆಂದರೆ, ಸತ್ತವನು ಬಟನ್ ಒತ್ತಿದರೆ ಮಾತ್ರ ದೇಹ ಮಾಯವಾಗಿ ಕೊಳದ ಹತ್ತಿರ ಹುಟ್ಟುತ್ತಾನೆ. ಒತ್ತದಿದ್ದರೆ ಹೆಣ ಬಿದ್ದಲ್ಲೇ ಇರುತ್ತದೆ. ಅಂದರೆ ಸಾಯುವುದಕ್ಕೆ ಮಾವ ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅವರಿಗೆ ಬಾರದ ಕೆಲಸ ಅದೊಂದೇ.

ಸೊಸೆ ಅಂಗಳದ ಹೆಣದತ್ತ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಹೆಣ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿನಿಂದ ಅಧ್ಯಕ್ಷರು ದಡದಡ ಒಳಗೆ ಬಂದರು.

‘ಎಲ್ಲಿಗೆ ಬಂದಿತ್ತು ಮಾತು?’

‘ಮಾವ, ನೀವು ಸತ್ತಿದ್ದೀರಿ.’

‘ಎಲ್ಲಿ ಸತ್ತಿದ್ದೀನಿ? ನಿನ್ ಮುಂದೆ ನಿಂತಿದ್ದೀನಲ್ಲ.’

‘ಬಟನ್ ಒತ್ಬೇಡಿ ಅಂದಿದ್ನಲ್ಲ.’

‘ಒತ್ತಿ ಅಂತ ಸ್ಕ್ರೀನಲ್ಲೇ ಬರೆದಿದೆ ಕಣಮ್ಮ. ಇಷ್ಟು ದಪ್ಪ ಅಕ್ಷರದಲ್ಲಿ. ನಾನು ಬರೆದಿದ್ದನ್ನ ಮೀರಿ ನಡ್ಕೊಂಡವನಲ್ಲ.’

ಮತ್ತೆ ಬಿದ್ದರು, ಮತ್ತೆ ಬಂದರು. ಆಮೇಲಿನ ಸಲ ಬರುವಾಗ ದಾರಿಯಲ್ಲೇ ಮಾತು ಶುರುಮಾಡಿದ್ದರು; ಕೊಳದ ಪಾವಟಿಗೆಗಳಿಗೆ ಪಾಚಿ ಕಟ್ಟಿದೆ, ಅದನ್ನು ಸಭೆಯ ಮುಂದಿಡಬೇಕಂತೆ. ಕೀಬೋರ್ಡ್ ಕಿತ್ತುಕೊಳ್ಳೋಣವೇ ಎಂದು ಸೊಸೆ ಊಟದ ಕೋಣೆಗೆ ಹೋಗಿ ಗಂಡನಿಗೆ ಪಿಸುಗುಟ್ಟಿದಳು. ಗಂಡ ಅಪ್ಪನ ಕೋಣೆಯ ಕಡೆ ಒಮ್ಮೆ ನೋಡಿ, ಹೆಡ್‌ಫೋನ್ ತೆಗೆದಿಟ್ಟು, ಟೀಗೆ ನೀರಿಟ್ಟ.

ಸಂಜೆ ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಬಟಾಣಿ ಸುಲಿಯುತ್ತಿದ್ದಾಗ ಮಾತು ಬಿಸಿಯಾಯಿತು.

‘ಜೀವ ಹೋದ್ರೂ ಒಪ್ಪಲ್ಲ’ ಎಂದರು ಮಾವ. ಜೀವ ಹೋಗುವುದಕ್ಕೇ ಅವರು ಒಪ್ಪದಿರುವುದೇ ಇಲ್ಲಿನ ತಕರಾರು ಎಂಬುದನ್ನು ಯಾರೂ ಎತ್ತಿ ತೋರಿಸಲಿಲ್ಲ. ‘ಅಧ್ಯಕ್ಷ ಅಂದ್ರೆ ಏನು ಬುರುಜಿಂದ ತಳ್ಳೋ ಹೂವಿನ ಕುಂಡವಾ? ಬೈಲಾ ಅಂತ ಒಂದಿದೆ. ಹುದ್ದೆ ಖಾಲಿ ಆಗ್ಬೇಕಾದ್ರೆ ಸಭೆ ಒಪ್ಪಬೇಕು. ಸಭೆ ಒಪ್ಪಬೇಕಾದ್ರೆ ಕೋರಂ ಬೇಕು.’

‘ಅದು ರಾಜೀನಾಮೆಗೆ ಮಾವ. ಸಾಯೋದಕ್ಕಲ್ಲ.’

‘ಸತ್ರೆ ಹುದ್ದೆ ಖಾಲಿ ಆಗುತ್ತೋ ಇಲ್ವೋ?’

‘ಆಗುತ್ತೆ.’

‘ಹಾಗಿದ್ರೆ ಸಾಯೋದಕ್ಕೂ ಕೋರಂ ಬೇಕು. ಏನೇ?’

‘ಹೂಂ’ ಎಂದರು ಅತ್ತೆ, ಬಟಾಣಿಯಿಂದ ತಲೆಯೆತ್ತದೆ.

‘ನೋಡು, ಡ್ರ್ಯಾಗನ್ನೂ ಒಪ್ಕೊಂಡ್ತು.’

ಬೈಲಾ ಮಾವನೇ ಬರೆದದ್ದು. ಕೋರಂ ಏಳು ಜನ. ಸಂಘದಲ್ಲಿದ್ದವರು ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ ಮತ್ತು ಡ್ರ್ಯಾಗನ್. ಆದ್ದರಿಂದ ಇಷ್ಟು ವರ್ಷಗಳಲ್ಲಿ ಸಂಘ ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಂಡಿರಲಿಲ್ಲ. ಪ್ರತಿ ಕಂತೂ ‘ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ’ ಎಂದೇ ಮುಗಿಯುತ್ತಿತ್ತು.

‘ಅಲ್ಲ, ಕೋರಂ ಆದ್ರೆ ಸಾಯ್ತೀರಾ?’ ಎಂದಳು ಸೊಸೆ.

‘ಕೋರಂ ಆದ್ರೆ ನೋಡೋಣ.’

‘ನೋಡೋಣ ಅಲ್ಲ ಮಾವ. ಬೈಲಾ.’

ಮಾವ ಒಂದೇ ಕಾಯನ್ನು ಎರಡು ಸಲ ಸುಲಿದರು. ‘ಆಯ್ತು. ಕೋರಂ ಆದ್ರೆ ಸಾಯ್ತೀನಿ.’ ಆಮೇಲೆ, ಬಟಾಣಿಯನ್ನೇ ಕೇಳುವ ಹಾಗೆ ಕೇಳಿದರು: ‘ಸೋಮವಾರ ಮೀಟಿಂಗ್ ಎಷ್ಟು ಗಂಟೆಗೆ?’

‘ಸೋಮವಾರ ಸರ್ವರ್ ಇರಲ್ಲ ಮಾವ.’

‘ಹೂಂ’ ಎಂದರು ಮಾವ.

ಮನೆಯಲ್ಲಿ ಅವರು ಆ ಶಬ್ದ ಬಳಸಿದ್ದು ಅದೇ ಮೊದಲು. ಅತ್ತೆ ತಲೆಯೆತ್ತಿ ನೋಡಿದರು. ಸೊಸೆಗೆ ಕೈಯಲ್ಲಿದ್ದ ಬಟಾಣಿಯನ್ನು ಯಾವ ಪಾತ್ರೆಗೆ ಹಾಕಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಆದರೂ ಮಾವ ಮಾತು ಕೊಟ್ಟಾಗಿತ್ತು. ಕೋಣೆಗೆ ಹೋಗಿ ಒಂದು ನೋಟಿಸ್ ಟೈಪ್ ಮಾಡಿ, ಕಂತುಗಳನ್ನು ಹಾಕುವ ಜಾಗದಲ್ಲೇ ಹಾಕಿದಳು: ‘ಸಂಘದ ಕೊನೆಯ ಸಭೆ. ಭಾನುವಾರ ಸಂಜೆ ನಾಲ್ಕಕ್ಕೆ. ಕೋರಂ ಕೊರತೆ ಇದೆ. ದಯವಿಟ್ಟು ಬನ್ನಿ. ಕುದುರೆಗಳನ್ನು ಹೊರಗೆ ಕಟ್ಟಿ.’

ಭಾನುವಾರ ನಾಲ್ಕಕ್ಕೆ ಸಭಾಂಗಣದಲ್ಲಿ ಎಂದಿನ ಮೂವರು ನಿಂತಿದ್ದರು. ‘ಕೋರಂ ಇಲ್ಲ’ ಎಂದು ಮಾವ ಖುಷಿಯಿಂದ ಗಂಟಲು ಸರಿಮಾಡಿಕೊಂಡರು. ಆಗ ಬಾಗಿಲಿನಲ್ಲಿ ಒಬ್ಬ ಕಪ್ಪು ಕವಚದವನು ಕಾಣಿಸಿದ. ಬೆನ್ನಿಗೆ ಆಳೆತ್ತರದ ಕತ್ತಿ. ಮೆಟ್ಟಿಲ ಮೇಲೆ ನಿಂತು, ಕುಕ್ಕರಿಸಿ, ಎದ್ದ.

ಅವನ ಹಿಂದೆ ಗುಲಾಬಿ ಬಣ್ಣದ ಕವಚ. ಅದರ ಹಿಂದೆ ತಲೆಗೆ ಬಕೆಟ್ ಹಾಕಿಕೊಂಡವನು. ಆಮೇಲೆ ಇಬ್ಬರು, ಆಮೇಲೆ ಒಂದು ಹಿಂಡು, ಆಮೇಲೆ ನೋಟಿಸ್ ಓದದೆ ಕುದುರೆ ಸಮೇತ ಒಳಬಂದ ಒಬ್ಬ. ಎಲ್ಲರೂ ಬಾಗಿಲಲ್ಲಿ ಕುಕ್ಕರಿಸಿ ಎದ್ದು, ಗೋಡೆಗುಂಟ ಸಾಲಾಗಿ ನಿಂತರು. ಯಾರೂ ಯಾರನ್ನೂ ಕೊಚ್ಚಲಿಲ್ಲ. ಆ ಸಭಾಂಗಣ ಕಟ್ಟಿದ್ದೇ ಕೊಚ್ಚುವುದಕ್ಕೆ. ಅದಕ್ಕೂ ಏನೋ ಇರಿಸುಮುರಿಸಾದಂತಿತ್ತು.

ಗೋಡೆಯಾಚೆ ಮಾವನ ಉಸಿರು ಕೇಳಿಸಿತು.

‘ಕಾರ್ಯದರ್ಶಿಯವರೇ, ಇವರೆಲ್ಲ ಯಾರು?’

‘ಸದಸ್ಯರು, ಅಧ್ಯಕ್ಷರೇ.’

ಮಾವ ಎಣಿಸತೊಡಗಿದರು. ಏಳಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಣಿಸುತ್ತ ಎಣಿಸುತ್ತ ದನಿಯಲ್ಲಿ ಹಳೆಯ ಕೆಲಸ ಎದ್ದು ಬಂತು. ‘ಇಷ್ಟು ಜನ ಒಂದೇ ಸಲ ಹತ್ತಬಾರ್ದು. ಈ ಹಾಲ್ ಎಷ್ಟು ಭಾರ ತಡೆಯುತ್ತೆ? ಯಾರು ಇನ್‌ಸ್ಪೆಕ್ಷನ್ ಮಾಡಿದ್ದು? ಆ ಕುದುರೆಯವ್ರು ಸ್ವಲ್ಪ ಆ ಕಂಬದ ಕಡೆ ಹೋಗಿ. ಹಾಂ. ಬ್ಯಾಲೆನ್ಸ್ ಆಗ್ಲಿ.’

ಕುದುರೆಯವನು ಕಂಬದ ಕಡೆ ಹೋದ.

‘ಕೋರಂ ಇದೆ’ ಎಂದರು ಮಾವ. ಅದನ್ನು ಹೇಳಿ ಅಭ್ಯಾಸವಿಲ್ಲದ್ದರಿಂದ ಇನ್ನೊಮ್ಮೆ ಹೇಳಿದರು. ‘ಕೋರಂ ಇದೆ ಸ್ವಾಮಿ!’ ಸಿಳ್ಳೆ ಸಭಾಂಗಣದ ತುಂಬ ಹೋಯಿತು. ಎಲ್ಲರೂ ಕುಕ್ಕರಿಸಿ ಎದ್ದರು.

ಈ ಗಡಿಬಿಡಿಯಲ್ಲಿ ಅಧ್ಯಕ್ಷರು ಖಜಾಂಚಿಗೆ ನಮಸ್ಕಾರ ಮಾಡುವುದನ್ನು ಮರೆತರು. ಸಭೆ ಶುರುವಾಗಿ ಇಷ್ಟು ಹೊತ್ತಾದರೂ ಜೀವಂತವಾಗಿದ್ದದ್ದು ಖಜಾಂಚಿಗೆ ಇದೇ ಮೊದಲು. ಏನು ಮಾಡಬೇಕೆಂದು ತೋಚದೆ ಅವನು ಮದುವೆಮನೆಯಲ್ಲಿ ಪರಿಚಯವಿಲ್ಲದವರ ನಡುವೆ ಸಿಕ್ಕಿಕೊಂಡವನ ಹಾಗೆ ನಿಂತಿದ್ದ.

ಮುಂದೆ ನಡೆದದ್ದು ಸೊಸೆ ಬರೆದದ್ದಲ್ಲ. ಮಾವ ಮೊದಲ ಕಂತಿನಿಂದ ಮುಂದೂಡಿದ ವಿಷಯಗಳನ್ನು ಒಂದೊಂದಾಗಿ ಎತ್ತಿಕೊಂಡರು. ಒಂದೂ ಮರೆತಿರಲಿಲ್ಲ. ತೂಗುಸೇತುವೆಯ ಮೇಲೆ ಬಟ್ಟೆ ಒಣಹಾಕುವುದು ನಿಷೇಧ, ಒಪ್ಪಿದವರು ಕುಕ್ಕರಿಸಿ, ಕುಕ್ಕರಿಸಿದರು, ಅಂಗೀಕಾರ. ಮೊಸಳೆಗಳಿಗೆ ದಿನಕ್ಕೆ ಎರಡು ಹೊತ್ತು ಊಟ, ಅಂಗೀಕಾರ. ಕುದುರೆ ಕಟ್ಟುವ ಜಾಗಕ್ಕೆ ಗೆರೆ ಎಳೆಯುವುದು. ಕಂಬದ ಬಳಿಯವನು ಬಿಟ್ಟು ಎಲ್ಲರ ಒಪ್ಪಿಗೆ. ಹೊಗೆಯ ವಿಚಾರ ಬಂದಾಗ ಸೊಸೆ ಬಟನ್ ಒತ್ತಿದಳು. ‘ಹೂಂ’ ಎಂದಿತು ಡ್ರ್ಯಾಗನ್. ಇಡೀ ಸಭೆ ಕುಕ್ಕರಿಸಿತು.

ಪರದೆಯ ಮೇಲಂಚಿನಲ್ಲಿ ಕೆಂಪಕ್ಷರ ಮೂಡಿತು: ಸರ್ವರ್ ಇನ್ನು ಸ್ವಲ್ಪ ಹೊತ್ತಿನಲ್ಲಿ ಮುಚ್ಚಲಿದೆ.

ಸೊಸೆ ಮೈಕಿಗೆ ಕೈ ಅಡ್ಡ ಹಿಡಿದು ಗೋಡೆಯ ಕಂಬಳಿಗೆ ಬಾಯಿ ಹಚ್ಚಿದಳು. ‘ಮಾವ, ಸಾಯೋ ವಿಷಯ.’

‘ಬರುತ್ತೆ, ಬರುತ್ತೆ. ಇತರೆ ವಿಷಯಗಳಲ್ಲಿ ಬರುತ್ತೆ’ ಎಂದಿತು ಗೋಡೆ.

‘ಟೈಮ್ ಇಲ್ಲ ಮಾವ!’

‘ಮೊಸಳೆ ಊಟ ಬಿಟ್ಟು ನಾನು ಸಾಯ್ಲಾ?’

ಕೊನೆಗೆ ಕೊಳದ ಪಾವಟಿಗೆಯ ಪಾಚಿಯೂ ಅಂಗೀಕಾರವಾಯಿತು. ಕೆಂಪಕ್ಷರ ಮಿನುಗತೊಡಗಿತ್ತು. ಮಾವ ಗಂಟಲು ಸರಿಮಾಡಿಕೊಂಡರು. ‘ಇತರೆ ವಿಷಯ. ಅಧ್ಯಕ್ಷರ ಹುದ್ದೆ ಖಾಲಿ ಆಗೋದರ ಬಗ್ಗೆ.’ ಅಲ್ಲಿಗೆ ನಿಲ್ಲಿಸಿದರು. ಬುರುಜು ದೂರ, ಹತ್ತಲು ಹೊತ್ತಿಲ್ಲ. ಇದು ಹೀಗೇ ಅರ್ಧಕ್ಕೆ ನಿಂತು ಹೋಗುತ್ತದೆ ಎಂದು ಸೊಸೆಗೆ ಖಚಿತವಾಯಿತು. ‘ಅದಕ್ಕೆ ಮುಂಚೆ, ಖಜಾಂಚಿಯವರಿಗೆ ನಮಸ್ಕಾರ ಹೇಳೋದು ಬಿಟ್ಟುಹೋಗಿತ್ತು’ ಎಂದರು ಮಾವ. ‘ನಮಸ್ಕಾರ ಕಣೋ.’

ಗೋಡೆಗುಂಟ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಸಂಘದ ಪದ್ಧತಿ ಅವರಿಗೂ ಗೊತ್ತಿತ್ತು.

ಅಧ್ಯಕ್ಷರು ಕುಕ್ಕರಿಸಿದರು. ಎದ್ದರು.

ಸರಿಯಾದ ಬಟನ್. ಖಜಾಂಚಿ ಅಧ್ಯಕ್ಷರನ್ನೇ ನೋಡುತ್ತ ನಿಂತಿದ್ದ. ಊಟದ ಕೋಣೆಯಿಂದ ಗಂಡ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

‘ನಮಸ್ಕಾರ, ಅಧ್ಯಕ್ಷರೇ’ ಎಂದ ಗಂಡ, ಮತ್ತು ಕೊಡಲಿ ಬೀಸಿದ.

ಅಧ್ಯಕ್ಷರು ದಡಾರನೆ ಬಿದ್ದರು.

‘ಲೋ!’ ಎಂದಿತು ಗೋಡೆ.

‘ಕೈ ತಪ್ತು ಅಪ್ಪ’ ಎಂದ ಗಂಡ. ಅವನ ದನಿಯಲ್ಲಿ ಏರುಪೇರಿರಲಿಲ್ಲ. ಯಾವತ್ತೂ ಇರುತ್ತಿರಲಿಲ್ಲ.

ಸೊಸೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಹೆಣ ಮಾಯವಾಗಿತ್ತು. ಅಧ್ಯಕ್ಷರು ನಿಲ್ಲುವ ಜಾಗ ಖಾಲಿ. ಕಪ್ಪು ಕವಚದವನು ಆ ಖಾಲಿ ಜಾಗಕ್ಕೆ ಕುಕ್ಕರಿಸಿದ. ಗುಲಾಬಿ ಕವಚ ಕುಕ್ಕರಿಸಿತು. ಬಕೆಟ್ಟಿನವನು, ಹಿಂಡಿನವರು, ಕುದುರೆಯಿಂದ ಇಳಿದು ಆ ಸವಾರ, ಎಲ್ಲರೂ. ಯಾರೂ ಏಳಲಿಲ್ಲ. ಹೆಡ್‌ಫೋನಿನಲ್ಲಿ ಕೊಳದ ಕಡೆಯಿಂದ ಕಬ್ಬಿಣದ ಹೆಜ್ಜೆಗಳ ಸದ್ದು, ಅದರ ಮೇಲೆ ಮಾವನ ದನಿ.

‘ಬರ್ತಾ ಇದ್ದೀನಿ. ನಾನಿಲ್ದೆ ಯಾರೂ ಏನೂ ತೀರ್ಮಾನ ಮಾಡ್ಬೇಡಿ. ಇತರೆ ವಿಷಯದಲ್ಲಿದ್ವಿ. ಸೇತುವೆ ದಾಟ್ತಾ ಇದ್ದೀನಿ. ಯಾರೋ ಮತ್ತೆ ಬಟ್ಟೆ ಒಣಹಾಕಿದ್ದಾರೆ, ಈಗಷ್ಟೇ ನಿಷೇಧ ಮಾಡಿದ್ವಲ್ಲ ಸ್ವಾಮಿ, ಏನ್ ಜನ...’

ಸೊಸೆ ಕ್ಯಾಮೆರಾ ಬಾಗಿಲಿನತ್ತ ಹಿಡಿದಳು. ತೆರೆದ ಬಾಗಿಲು, ಅದರಾಚೆ ಸಂಜೆಯ ಬಿಸಿಲು, ಹೆಜ್ಜೆಯ ಸದ್ದು ಹತ್ತಿರ ಹತ್ತಿರ. ಮೆಟ್ಟಿಲಿನವರೆಗೆ ಬಂತು.

ಪರದೆ ಕಪ್ಪಾಯಿತು. ‘ಸಂಪರ್ಕ ಕಡಿದಿದೆ’ ಎಂದು ಬರೆದುಕೊಂಡಿತು.

ರೆಕಾರ್ಡ್ ಆಗಿದೆಯೇ ಎಂದು ಅವಳು ನೋಡಿದಳು. ಆಗಿತ್ತು, ಕೊನೆಯ ಮೆಟ್ಟಿಲಿನ ಸದ್ದಿನವರೆಗೂ. ತಾನು ಬರೆದದ್ದಕ್ಕಿಂತ ಇದು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು ಹಲ್ಲು ಸರಿಯಾಗಿ ಕೂತರೆ ಆಮೇಲೆ ಅದನ್ನು ಅರದಿಂದ ಮುಟ್ಟಬಾರದು. ಮೌಸಿನಿಂದ ಕೈ ತೆಗೆದಳು.

ಹಜಾರದಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಹತ್ತಿರ ಹತ್ತಿರ ಬಂತು. ಬಾಗಿಲು ತೆರೆಯಿತು. ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು, ಅದರ ವೈರನ್ನು ನೆಲದ ಮೇಲೆ ಎಳೆಯುತ್ತ, ಮಾವ ಬಾಗಿಲಲ್ಲಿ ನಿಂತಿದ್ದರು.

‘ಎಲ್ಲಿಗೆ ಬಂದಿತ್ತು ಮಾತು?’

‘ಇತರೆ ವಿಷಯ, ಮಾವ.’

‘ಹಾಂ.’ ಅವರು ಬಂದು ಮಂಚದ ತುದಿಯಲ್ಲಿ ಕೂತರು. ಆಟದಲ್ಲಿ ಕೂರಲು ಬರುತ್ತಿರಲಿಲ್ಲ. ಅಧ್ಯಕ್ಷರು ಕೂತದ್ದನ್ನು ಕಾರ್ಯದರ್ಶಿ ನೋಡಿದ್ದು ಇದೇ ಮೊದಲು. ಅವರ ಹಿಂದೆಯೇ ಗಂಡ ಬಂದು ಬಾಗಿಲಿಗೆ ಒರಗಿ ನಿಂತ. ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು.

‘ಕೈ ತಪ್ತಾ?’

‘ತಪ್ತು.’

‘ಇಷ್ಟು ದಿನ ನಂದೂ ತಪ್ಪಿದ್ದೇ.’

‘ಗೊತ್ತು.’

ಮಾವ ಮಂಚದ ಮೇಲಿದ್ದ ಹೊದಿಕೆಯ ಸುಕ್ಕು ತೀಡಿದರು. ಇನ್ನೇನು ‘ಹೂಂ’ ಎಂದುಬಿಡುತ್ತಾರೆ ಎಂದು ಸೊಸೆಗೆ ಅನಿಸಿತು. ಅವಳು ಬೇಗ ಬಾಯಿ ತೆರೆದಳು.

‘ಸೋಮವಾರದ್ದು ಏಳು ಗಂಟೆಗೆ, ಮಾವ. ಅಡುಗೆಮನೆಯಲ್ಲಿ.’

‘ಅಡುಗೆಮನೇಲಾ?’ ಎಂಬ ದನಿ ಹಜಾರದಾಚೆಯಿಂದ ಬಂತು. ಅತ್ತೆ ಸೌಟು ಹಿಡಿದುಕೊಂಡೇ ಬಂದಿದ್ದರು. ‘ನನ್ನ ಕೇಳಿದ್ರಾ? ಅಲ್ಲಿ ನಿಮ್ಮ ಸಭೆ ನಡೆದ್ರೆ ನಾನು ಎಲ್ಲಿ ನಿಂತು ಒಗ್ಗರಣೆ ಹಾಕ್ಲಿ? ಹೊಗೆ ಹೊಗೆ ಅಂತ ಇಷ್ಟು ವರ್ಷ ನನ್ ಮೇಲೇ ದೂರು ಹೇಳಿದ್ದೂ ಅಲ್ದೆ!’

ಮೂವರೂ ಡ್ರ್ಯಾಗನ್ನನ್ನು ನೋಡಿದರು. ಅದು ಅವರ ಕಂತುಗಳನ್ನು ನೋಡುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ.

‘ಕಾರ್ಯದರ್ಶಿಯವರೇ’ ಎಂದರು ಮಾವ, ಬೆನ್ನು ನೆಟ್ಟಗೆ ಮಾಡಿ, ಸಿಳ್ಳೆ ಸಮೇತ, ‘ಸದಸ್ಯರ ಆಕ್ಷೇಪಣೆ ದಾಖಲಿಸ್ಕೊಳ್ಳಿ. ಈಗಲೇ ತೀರ್ಮಾನ ಮಾಡ್ಬಿಡೋಣ.’

ಎಂದವರು ಬೆರಳು ಚಾಚಿ ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕೋರಂ ಇರಲಿಲ್ಲ.